ಟೀಚರ್ ಮುಖಕ್ಕೆ ಬಿಸಿ ದೀಪ

ಹೆಮ್ಮಾಡಿಯ ವನಜ ನಾಟಕಗಳಿಗೆ ಲೈಟು ಕಟ್ಟುವ ಕೆಲಸಕ್ಕೆ ಇಳಿದದ್ದು ಗಂಡ ಲೀಲಾಧರ ತೀರಿಕೊಂಡ ಮೇಲೆ. ಅದಕ್ಕೆ ಮೊದಲು ಅವಳು ತಾಯಿಯ ಜೊತೆ ಗಂಗೊಳ್ಳಿ ಬಂದರಿನಿಂದ ಮೀನು ತಂದು ಹೆದ್ದಾರಿ ಬದಿಯಲ್ಲಿ ಕೂತು ಮಾರುತ್ತಿದ್ದಳು. ನಾಟಕ ಇದ್ದ ದಿನ ಮಧ್ಯಾಹ್ನವೇ ಬುಟ್ಟಿ ತೊಳೆದಿಟ್ಟು, ಕೈಗೆ ಹುಣಸೆಹುಳಿ ತಿಕ್ಕಿಕೊಂಡು ಲೈಟು ಹಾಕಲು ಹೊರಟ ಗಂಡನ ಟೆಂಪೋ ಹತ್ತುವಳು. ದೀಪಗಳ ಗಾಜು ಒರೆಸಿ, ಬಾಯಿಗೆ ಬಣ್ಣದ ಹಾಳೆ ಸಿಕ್ಕಿಸುವುದು ಅವಳ ಪಾಲಿನ ಕೆಲಸ. ದೀಪಗಳನ್ನು ಏರಿಳಿಸುವ ಬೋರ್ಡಿನ ಹತ್ತಿರ ಮಾತ್ರ ಲೀಲಾಧರ ಅವಳನ್ನು ಬಿಡುತ್ತಿರಲಿಲ್ಲ.

ಆ ಬೋರ್ಡನ್ನು ಅವನೇ ಮಾಡಿಕೊಂಡಿದ್ದ. ಪ್ಲೈವುಡ್ ಹಲಗೆ, ಅದರ ಮೇಲೆ ಫ್ಯಾನಿನ ರೆಗ್ಯುಲೇಟರಿನಂತೆ ತಿರುಗಿಸುವ ಡಿಮ್ಮರುಗಳ ಸಾಲು. ರಂಗದ ಮೇಲಿನ ಒಂದೊಂದು ದೀಪದ ವಯರೂ ಆ ಹಲಗೆಗೆ ಬಂದೇ ಹೋಗಬೇಕು. ಕಂಬದಿಂದ ಬಂದ ಕರೆಂಟು ಇದ್ದ ಹಾಗೆಯೇ ಅವನ ಬೆರಳುಗಳ ಕೆಳಗೆ ಹರಿಯುತ್ತಿತ್ತು. ಅವನು ಮೆಲ್ಲನೆ ತಿರುಗಿಸಿದರೆ ರಂಗದ ಮೇಲೆ ಬೆಳಗಾಗುತ್ತಿತ್ತು, ಮತ್ತೆ ತಿರುಗಿಸಿದರೆ ಮುಸ್ಸಂಜೆ. ಜನ ನಾಟಕ ನೋಡುತ್ತಿದ್ದರೆ ವನಜ ಗಂಡನ ಬೆರಳುಗಳನ್ನು ನೋಡುತ್ತ ಕೂರುತ್ತಿದ್ದಳು.

ಹಾಲಾಡಿಯ ಹತ್ತಿರ ಒಂದು ಬಯಲಿನಲ್ಲಿ ಸಂಜೆಯ ನಾಟಕಕ್ಕೆಂದು ರಂಗ ಹಾಕಿದ್ದರು. ದೀಪಾವಳಿ ಕಳೆದಿತ್ತು, ಮಳೆಯ ಯೋಚನೆ ಯಾರಿಗೂ ಇರಲಿಲ್ಲ. ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಘಟ್ಟದ ಕಡೆಯಿಂದ ಮೋಡ ಕವಿದು, ಗುಡುಗಿ, ಒಂದೇ ಹೊಡೆತಕ್ಕೆ ಮಳೆ ಸುರಿಯಿತು. ಬೋರ್ಡಿನೊಳಗೆ ನೀರು ಇಳಿದಿತ್ತು. ಲೀಲಾಧರ ಅದರ ಮೇಲೆ ಕೈ ಇಟ್ಟ. ಕುಂದಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದುಹೋಗಿತ್ತು.

ವನಜ ಅಲ್ಲೇ ಇದ್ದಳು, ಕಣ್ಣಾರೆ ಕಂಡಿದ್ದಳು. ಆದರೆ ಏನಾಯಿತೆಂದು ಕೇಳಿದವರಿಗೆಲ್ಲ "ಕರೆಂಟ್ ಹೊಡಿತ್" ಎಂದಷ್ಟೇ ಹೇಳಿದಳು. ಮಗಳು ಮೋಕ್ಷಿತಾ ಕೇಳಿದಾಗಲೂ ಅದಕ್ಕಿಂತ ಒಂದು ಮಾತು ಹೆಚ್ಚು ಬರಲಿಲ್ಲ. ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮರುದಿನ ಆ ಹಲಗೆಯನ್ನು ಅಂಗಳಕ್ಕೆ ಎಳೆದು ತಂದು, ಕತ್ತಿಯಲ್ಲಿ ಕೊಚ್ಚಿ, ಬಚ್ಚಲೊಲೆಗೆ ಹಾಕಿದಳು. ಅಂದು ಕಾದ ನೀರಿನಲ್ಲಿ ಮನೆಯವರು ಯಾರೂ ಮೀಯಲಿಲ್ಲ.

ಲೀಲಾಧರನಿಗೆ ಯತೀಶ್ ಎಂಬ ಗೆಳೆಯನಿದ್ದ, ಬೈಂದೂರಿನವನು. ಮುಂಬಯಿಯಲ್ಲಿ ಮದುವೆ ಮಂಟಪಗಳಿಗೂ ಗಣೇಶೋತ್ಸವಕ್ಕೂ ಲೈಟು ಹಾಕುತ್ತಿದ್ದವನು ಊರಿಗೆ ಮರಳಿ, ಬಾಡಿಗೆಗೆ ಲೈಟು ಕೊಡುವ ಅಂಗಡಿ ಇಟ್ಟಿದ್ದ. ಅವನು ಬಂದು ಜಗಲಿಯ ಮೇಲೆ ಕೂತ. ಆಮೇಲೆ, "ಸಾಮಾನೆಲ್ಲ ನಾನ್ ತಕಂಡ್ ಹೋತೆ ಅತ್ತಿಗೆ. ನಿಮ್ಗೆ ಇನ್ನ್ ಅದೆಲ್ಲ ಕಾಂಬುದ್ ಬ್ಯಾಡ" ಎಂದ.

"ದೀಪ ತಕಂಡ್ ಹೋಗ್, ಗುಜ್ರಿಗೆ ಹಾಕ್" ಎಂದಳು ವನಜ. "ಕೆಲ್ಸ ಮಾತ್ರ ನಾನ್ ಬಿಡುದಿಲ್ಲ."

ಯತೀಶ್ ತಲೆ ಎತ್ತಿ ನೋಡಿದ.

"ಆದ್ರೆ ಕರೆಂಟ್ ಕೈ ಹತ್ರ ಬಪ್ಪುಕಾಗ. ಹಾಂಗಿಪ್ಪ ಲೈಟ್ ಇತ್ತಾ?"

"ಇತ್ತ್" ಎಂದ ಅವನು.

ಒಳಗಿದ್ದ ವನಜಳ ತಾಯಿ ಹೊರಗೆ ಬಂದು, ಹೆಂಗಸು ಕಂಬ ಹತ್ತಿ ಲೈಟು ಕಟ್ಟುವುದೆಂದರೆ ಏನು ಎಂದು ಗದರಿದರು. ಮೋಕ್ಷಿತಾ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮ, ಅಪ್ಪನ ಕೆಲ್ಸ ನಿಂಗ್ ಬ್ಯಾಡ" ಎಂದು ಅತ್ತಳು. ಯಾಕೆ ಆ ಕೆಲಸವೇ ಬೇಕೆಂದು ವನಜಳಿಗೂ ಹೇಳಲು ಬರುತ್ತಿರಲಿಲ್ಲ. ನಾಟಕ ಶುರುವಾಗುವ ಮುಂಚಿನ ಕತ್ತಲೆಯಲ್ಲಿ ಜನ ಒಮ್ಮೆ ಸುಮ್ಮನಾಗುತ್ತಾರಲ್ಲ, ಆ ಹೊತ್ತು ತನ್ನ ಬದುಕಿನಿಂದ ಹೋಗಬಾರದು ಎಂದು ಮಾತ್ರ ಅನಿಸಿತ್ತು.

ಬೈಂದೂರಿನ ಅಂಗಡಿಯಲ್ಲಿ ಯತೀಶ್ ಅವಳ ಮುಂದೆ ಒಂದು ಕಂಟ್ರೋಲರ್ ಇಟ್ಟ. ಕಪ್ಪು ಪೆಟ್ಟಿಗೆ, ಮೇಲೆ ಕೆಳಗೆ ಸರಿಸುವ ಗುಂಡಿಗಳ ಸಾಲು. ಅದರ ಬೆನ್ನಿನಿಂದ ಕಿರುಬೆರಳಿನಷ್ಟು ದಪ್ಪದ ಒಂದು ಕೇಬಲ್ ಹೊರಟು, ನೆಲದ ಮೇಲಿಟ್ಟ ಎಲ್ಇಡಿ ದೀಪಕ್ಕೆ ಹೋಗಿತ್ತು. ಆ ದೀಪದಿಂದ ಹೊರಬಂದು ಪಕ್ಕದ ದೀಪಕ್ಕೆ, ಅಲ್ಲಿಂದ ಮುಂದಿನದಕ್ಕೆ.

"ಡಿಎಂಎಕ್ಸ್ ಅಂಬ್ರ್ ಇದಕ್ಕೆ. ಈ ವಯರಲ್ಲಿ ದೀಪ ಉರ್ಸು ಕರೆಂಟ್ ಇಲ್ಲ ಅತ್ತಿಗೆ. ಬರೀ ಸಂಖ್ಯೆ ಹೋಪುದ್" ಎಂದ ಯತೀಶ್.

ಅವನು ವಿವರಿಸಿದ್ದು ಹೀಗೆ. ದೀಪ ಉರಿಯುವ ಕರೆಂಟು ಗೋಡೆಯ ಪ್ಲಗ್ಗಿನಿಂದ ನೇರ ದೀಪಕ್ಕೇ ಹೋಗುತ್ತದೆ. ಕೈಯ ಹತ್ತಿರದ ಪೆಟ್ಟಿಗೆ ಬರೀ ಆಜ್ಞೆ ಕಳಿಸುತ್ತದೆ. ಸೊನ್ನೆ ಎಂದರೆ ಕತ್ತಲೆ, ಇನ್ನೂರ ಐವತ್ತೈದು ಎಂದರೆ ಪೂರ್ತಿ ಬೆಳಕು. ನಡುವಿನ ಸಂಖ್ಯೆಗಳೆಲ್ಲ ನಡುವಿನ ಬೆಳಕುಗಳು. ಒಂದು ಕೇಬಲ್ಲಿನಲ್ಲಿ ಐನೂರ ಹನ್ನೆರಡು ಮನೆಗಳಿವೆ ಅಂದುಕೊಳ್ಳಬೇಕು. ಪೆಟ್ಟಿಗೆ ಮೊದಲ ಮನೆಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂದು ಕೊನೆಯ ಮನೆಯವರೆಗೆ ಹೇಳಿ ಮುಗಿಸಿ, ಮತ್ತೆ ಮೊದಲಿನಿಂದ ಹೇಳತೊಡಗುತ್ತದೆ. ಬೆಳಕು ಬದಲಾಗದೆ ನಿಂತಿದ್ದರೂ ಅದರ ಹೇಳುವಿಕೆ ನಿಲ್ಲುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಸುತ್ತು. ಪ್ರತಿ ದೀಪಕ್ಕೂ ಒಂದು ಮನೆ ನಂಬರು ಕೊಟ್ಟಿರುತ್ತದೆ. ಎಲ್ಲ ಸಂಖ್ಯೆಗಳೂ ಎಲ್ಲ ದೀಪಗಳ ಮೂಲಕ ಹಾದುಹೋದರೂ, ದೀಪ ತನ್ನ ನಂಬರಿನಿಂದ ಎಣಿಸಿ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ.

ವನಜ ಸ್ವಲ್ಪ ಹೊತ್ತು ಯೋಚಿಸಿ, "ಬಂದರಲ್ಲಿ ಮೀನ್ ಏಲಂ ಕೂಗ್ದಾಂಗೆ ಅಲ್ದಾ? ಎಲ್ಲರಿಗೂ ಕೇಂತ್, ತಂಗೆ ಬೇಕಾದ್ದ್ ಬಂದಾಗ ಮಾತ್ರ ತಲೆ ಆಡ್ಸುದ್" ಎಂದಳು. ಯತೀಶನಿಗೆ ನಗು ಬಂತು. ಲೀಲಾಧರ ಹೋದ ಮೇಲೆ ಅವರಿಬ್ಬರೂ ನಕ್ಕದ್ದು ಅದೇ ಮೊದಲು.

"ನಡುಗೆ ವಯರ್ ಕಡ್ದ್ ಹೋರೆ?" ಎಂದು ಕೇಳಿದಳು.

"ಅದ್ ಆಯಾ ದೀಪದ ಬುದ್ಧಿ. ಕೆಲವ್ ಕಡೀಗ್ ಕೇಂಡದ್ದನ್ನೇ ಹಿಡ್ಕಂಡ್ ಹಾಂಗೇ ಉರೀತಾ ಇರ್ತ್. ಕೆಲವ್ ಆರಿ ಹೋತ್."

ಕಲಿಯುವುದಕ್ಕೆ ಮುಂದಿನ ಮಳೆಗಾಲ ಮುಗಿಯುವವರೆಗೂ ಬೇಕಾಯಿತು. ನಂಬರು ಕೊಡುವುದನ್ನು ಮರೆತು ಎರಡು ದೀಪ ಒಂದೇ ಬಣ್ಣಕ್ಕೆ ತಿರುಗಿದ್ದುಂಟು. ಕೊನೆಯ ದೀಪದ ಕೇಬಲ್ ಬಾಯಿಗೆ ಹಾಕಬೇಕಾದ ಬಿರಡೆಯನ್ನು ಬಿಟ್ಟು, ತುದಿ ಮುಟ್ಟಿದ ಸಿಗ್ನಲು ಹಿಂದಕ್ಕೆ ಬಡಿದು, ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ದೀಪಗಳೆಲ್ಲ ಜ್ವರ ಬಂದವರಂತೆ ನಡುಗಿದ್ದೂ ಉಂಟು. ಆದರೂ ಮಳೆ ನಿಂತು ನಾಟಕಗಳು ಶುರುವಾದಾಗ ಕುಂದಾಪುರ, ಕೋಟ, ಬ್ರಹ್ಮಾವರದ ತಂಡಗಳು ಅವಳನ್ನು ಕರೆಯತೊಡಗಿದವು. ಮೊದಮೊದಲು ಲೀಲಾಧರನ ಹೆಂಡತಿ ಎಂಬ ಕನಿಕರದಿಂದ, ಆಮೇಲೆ ಕೆಲಸ ನೋಡಿ. ಅವಳ ದೀಪಗಳು ಬಿಸಿಯಾಗುತ್ತಿರಲಿಲ್ಲ. ಬರಿಗೈಯಲ್ಲಿ ಹಿಡಿದು ತಿರುಗಿಸಬಹುದಿತ್ತು. ಅದೇ ಅವಳಿಗೆ ಬೇಕಾದದ್ದು. ಹೀಗೆ ಮೂರು ವರ್ಷ ಹೋಯಿತು.

ಸಾಲಿಗ್ರಾಮದ ಗೋಮತಿ ಟೀಚರ್ ಮತ್ತೆ ಬಣ್ಣ ಹಚ್ಚುತ್ತಾರೆ ಎಂಬ ಸುದ್ದಿ ಬಂದದ್ದು ಆಗ. ಗೋಮತಿ ಟೀಚರದು ದೇವಸ್ಥಾನದ ಚಾಕರಿಯ ಮನೆತನ. ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು, ಮದುವೆ ಆದವರಲ್ಲ, ತಮ್ಮನ ಮನೆಯಲ್ಲಿದ್ದರು. ಹವ್ಯಾಸಿ ನಾಟಕದಲ್ಲಿ ಅವರಷ್ಟು ದೊಡ್ಡ ಹೆಸರು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಹಾಲಾಡಿಯಲ್ಲಿ ಅಂದು ನಡೆಯಬೇಕಿದ್ದದ್ದು ಅವರದೇ ತಂಡದ ನಾಟಕ. ಅದು ನಡೆಯಲಿಲ್ಲ, ಆಮೇಲೆ ಅವರು ರಂಗವನ್ನೇ ಹತ್ತಿರಲಿಲ್ಲ. ಈಗ ತಮ್ಮನ ಮಗ ಸುಜಯ್, ಬೈಂದೂರಿನಲ್ಲಿ ಕಾಲೇಜು ಮೇಷ್ಟ್ರು, ಅತ್ತೆಗೆಂದೇ ಒಂದು ನಾಟಕ ಬರೆದು ಕಾಡಿ ಬೇಡಿ ಒಪ್ಪಿಸಿದ್ದ. ಹೊಳೆಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದ ಒಬ್ಬ ಮುದುಕಿಯ ಕಥೆ. ಹೊಳೆಗೆ ಸೇತುವೆ ಬಂದಿದೆ, ದೋಣಿಗೆ ಜನ ಇಲ್ಲ.

ಬ್ರಹ್ಮಾವರದ ಸಭಾಭವನದಲ್ಲಿ ದೀಪಗಳೊಂದಿಗೆ ಮೊದಲ ತಾಲೀಮು. ವನಜ ಎಲ್ಲ ಸಿದ್ಧ ಮಾಡಿ ಕಂಟ್ರೋಲರಿನ ಹಿಂದೆ ಕೂತಳು. ಗೋಮತಿ ಟೀಚರ್ ನಡೆದು ಬಂದು ನಿಂತರು. ನಿಂತದ್ದು ಬೆಳಕಿನ ಹೊರಗೆ.

"ಅತ್ತೆ, ಬೆಳಕ್ ಇಪ್ಪಲ್ಲಿಗ್ ಬನ್ನಿ" ಎಂದ ಸುಜಯ್.

ಅವರು ಎರಡು ಹೆಜ್ಜೆ ಸರಿದು ಬೆಳಕಿಗೆ ಬಂದರು, ಅಲ್ಲಿ ನಿಲ್ಲದೆ ಇನ್ನೊಂದು ಬದಿಯ ಕತ್ತಲೆಗೆ ದಾಟಿಹೋದರು. ಮತ್ತೆ ಮಾಡಿಸಿದರೂ ಅದೇ. ಮಾತು ಒಂದಕ್ಷರ ತಪ್ಪುತ್ತಿರಲಿಲ್ಲ, ದನಿ ಹಿಂದಿನ ಹಾಗೆಯೇ ಎದೆಗೆ ಬಂದು ಮುಟ್ಟುತ್ತಿತ್ತು. ಜಾಗ ಮಾತ್ರ ತಪ್ಪುತ್ತಿತ್ತು. ಸುಜಯ್‌ಗೆ ಸಿಟ್ಟು ಬಂತು, ಚಹಾಕ್ಕೆಂದು ಹೊರಗೆ ಹೋದ. ವನಜ ಎದ್ದು ರಂಗದ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದ ಟೀಚರ್ ಹತ್ತಿರ ಹೋದಳು.

"ಟೀಚ್ರೇ, ನಾನ್ ವನಜ."

"ದನಿ ಕೇಂಡ್ರೆ ಗೊತ್ತಾತ್ತ್. ಕೂಕೋ."

"ನಿಮ್ಗ್ ಬೆಳಕ್ ಕಾಣ್ತಿಲ್ಯಾ?"

ಟೀಚರ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿದರು. "ಒಂದ್ ಕಣ್ಣ್ ಹೋಯಿ ಎಷ್ಟೋ ಕಾಲ ಆಯ್ತ್. ಇನ್ನೊಂದ್ರಲ್ಲಿ ಕೊಳವೆಯಲ್ಲಿ ಕಂಡ ಹಾಂಗೆ ಒಂಚೂರ್ ಕಾಣ್ತಿದ್ದಿತ್. ಈಗ ಅದೂ ಹೊಗೆ ಹಿಡ್ದಾಂಗೆ. ಗ್ಲಾಕೋಮಾ ಅಂದ್ರ್ ಡಾಕ್ಟ್ರ್, ಹೋದ್ದ್ ತಿರ್ಗಿ ಬತ್ತಿಲ್ಲೆ ಅಂದ್ರ್. ಮನೇಲಿ ಕಣ್ಣ್ ಮಂದ ಅಂತ ಗೊತ್ತಿತ್ತ್, ಇಷ್ಟ್ ಅಂತ ಗೊತ್ತಿಲ್ಲೆ."

"ಮತ್ತೆ ಆಗೆಲ್ಲ ಹ್ಯಾಂಗ್ ಮಾಡಿದ್ರಿ? ಒಂದ್ ದಿನ ಜಾಗ ತಪ್ಪಿದ್ದ್ ನಾನ್ ಕಾಣ್ಲಿಲ್ಲ."

"ಬಿಸಿ" ಎಂದರು ಗೋಮತಿ ಟೀಚರ್. "ಲೀಲಾಧರನ ದೀಪಕ್ಕೆ ಬಿಸಿ ಇದ್ದಿತ್ ಮಾರಾಯ್ತಿ. ಕೆನ್ನೆಗ್ ತಾಗ್ರೆ ಬೆಳಕಲ್ಲಿ ಇದ್ದೆ ಅಂತ ಲೆಕ್ಕ. ಹಣೆಗ್ ಬಂದ್ರೆ ಎದ್ರ್ ಬದಿಗ್ ತಿರ್ಗಿದ್ದೆ ಅಂತ. ಜಾಸ್ತಿ ಸುಟ್ರೆ ರಂಗದ ಅಂಚ್ ಬಂತ್ ಅಂತ. ನಿನ್ನ ಹೊಸ ದೀಪದಲ್ಲಿ ಬಿಸಿಯೇ ಇಲ್ಲೆ. ನಾನ್ ಎಲ್ಲಿದ್ದೆ ಅಂತ ನಂಗೇ ಗೊತ್ತಾತಿಲ್ಲೆ."

ವನಜ ತಲೆ ಎತ್ತಿ ತನ್ನ ತಣ್ಣನೆಯ ದೀಪಗಳ ಸಾಲನ್ನು ನೋಡಿದಳು.

"ಅಂವಂಗೆ ಗೊತ್ತಿದ್ದಿತ್. ನಾನಾಗ್ ಹೇಳ್ಲಿಲ್ಲ, ಅಂವನೇ ಕಂಡ್ಕಂಡ. ಪ್ರತಿ ಸಲ ನಂಗಂತ ಎಡದ ಬದಿಗೆ ಒಂದ್ ದೀಪ ತಗ್ಗಲ್ಲಿ, ಹತ್ರ ಇಡ್ತಿದ್ದ. ಯಾರಿಗೂ ಹೇಳ್ಲಿಲ್ಲ. ನಿಂಗೂ ಹೇಳ್ಲಿಲ್ಯಾ?"

ಹೇಳಿರಲಿಲ್ಲ. ಆದರೆ ಆ ದೀಪ ವನಜಳಿಗೆ ನೆನಪಿತ್ತು. ಗೋಮತಿ ಟೀಚರ್ ನಾಟಕವಿದ್ದಾಗೆಲ್ಲ ಎಡಕ್ಕೆ, ಎದೆಯೆತ್ತರಕ್ಕೆ ಒಂದು ದೊಡ್ಡ ಹ್ಯಾಲೊಜೆನ್ ದೀಪ. ಇಷ್ಟು ತಗ್ಗಿಗೆ ಯಾಕೆ, ನೆರಳು ಉದ್ದ ಬೀಳುತ್ತದೆ ಎಂದು ಅವಳು ಒಮ್ಮೆ ಕೇಳಿದ್ದಳು. "ಅದ್ ಅಲ್ಲೇ ಇರ್ಲಿ" ಎಂದಿದ್ದ ಲೀಲಾಧರ. ಅಷ್ಟು ವರ್ಷ ಒಂದೇ ಸೂರಿನಡಿ ಬದುಕಿ, ಅವನು ಹೀಗೆ ಒಬ್ಬರ ಮಾನವನ್ನು ಬಾಯಿ ಬಿಡದೆ ಕಾದದ್ದು ತನಗೆ ತಿಳಿಯಲೇ ಇಲ್ಲವಲ್ಲ ಎಂದು ಅವಳಿಗೆ ದುಃಖವೂ ಆಯಿತು, ಅವನ ಮೇಲೆ ಹೊಸದಾಗಿ ಪ್ರೀತಿಯೂ ಹುಟ್ಟಿತು.

"ಸುಜಯ ಮಾಷ್ಟ್ರಿಗೆ ಹೇಳ್ಕ್ ಟೀಚ್ರೇ. ರಂಗದ ಅಂಚಲ್ಲಿ ನಿಮ್ಮನ್ನ್ ಹಾಂಗೇ ಬಿಡುಕಾಗ."

"ಹೇಳ್ರೆ ಅಂವ ನಾಟ್ಕ ಬ್ಯಾಡ ಅಂತ. ನಂಗಿದ್ ಕಡೀದ್ ವನಜ. ಇದೊಂದ್ ಆಯ್ಲಿ."

ವನಜ ಬಿಡಲಿಲ್ಲ. ಸುಜಯ್ ಚಹಾ ಕುಡಿದು ಬಂದಾಗ ಟೀಚರೇ ಹೇಳಿದರು. ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಅತ್ತೆಯ ಮುಖವನ್ನು ಅವನು ಆ ಮೊದಲು ಸರಿಯಾಗಿ ನೋಡಿಯೇ ಇರಲಿಲ್ಲವೇನೋ ಎಂಬಂತೆ ನೋಡಿದ. ನಾಟಕ ನಿಲ್ಲಿಸೋಣ ಎಂದ. ಟೀಚರ್ ಆಗುವುದಿಲ್ಲ ಎಂದರು. ಇಬ್ಬರೂ ವನಜಳ ಕಡೆ ತಿರುಗಿದರು.

ಅವಳು ಹೊರಗೆ ಬಂದು ಯತೀಶನಿಗೆ ಫೋನ್ ಮಾಡಿದಳು. "ಹಳೇ ದೀಪ ಒಂದಾರೂ ಉಳ್ದಿತ್ತಾ?"

ಯತೀಶ್, "ಎಲ್ಲವೂ ಇತ್ತ್ ಅತ್ತಿಗೆ. ಗುಜ್ರಿಗ್ ಹಾಕುಕೆ ಮನಸ್ ಬರ್ಲಿಲ್ಲ" ಎಂದ.

ಮರುದಿನ ಅವನು ಒಂದು ಹ್ಯಾಲೊಜೆನ್ ದೀಪವನ್ನೂ ಜೊತೆಗೊಂದು ಕಬ್ಬಿಣದ ಪೆಟ್ಟಿಗೆಯನ್ನೂ ತಂದ. ಡಿಮ್ಮರ್ ಪ್ಯಾಕ್ ಎಂದು ಅದರ ಹೆಸರು. ಹಳೆಯ ದೀಪಕ್ಕೆ ಸಂಖ್ಯೆಯ ಭಾಷೆ ಬರುವುದಿಲ್ಲ. ಕರೆಂಟು ಹೆಚ್ಚಾದರೆ ಹೆಚ್ಚು ಉರಿಯುತ್ತದೆ, ಕಡಿಮೆಯಾದರೆ ಮಂಕಾಗುತ್ತದೆ, ಅಷ್ಟೇ. ಅದರ ಪರವಾಗಿ ಈ ಪೆಟ್ಟಿಗೆ ಕೇಳಿಸಿಕೊಳ್ಳುತ್ತದೆ. ಪೆಟ್ಟಿಗೆಗೊಂದು ಮನೆ ನಂಬರು; ಬಂದ ಸಂಖ್ಯೆಗೆ ತಕ್ಕಷ್ಟು ಕರೆಂಟನ್ನು ಅದು ದೀಪಕ್ಕೆ ಬಿಡುತ್ತದೆ. ಕರೆಂಟೆಲ್ಲ ರಂಗದ ಪಕ್ಕದ ಆ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಸಭೆಯ ಹಿಂದೆ ಕೂತ ವನಜಳ ಕೈಗೆ ಬರುವುದಿಲ್ಲ. ಎಲ್ಲಾದರೂ ಸೋರಿದರೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚನ್ನೂ ಯತೀಶ್ ಹಾಕಿದ್ದ. ಪೆಟ್ಟಿಗೆಯ ಮೇಲೆ ಒಂದು ಕೆಂಪು ಗುಂಡಿಯಿತ್ತು. ಸಿಗ್ನಲು ಇಲ್ಲದೆಯೂ ದೀಪ ಉರಿಯುತ್ತದೋ ಎಂದು ಒತ್ತಿ ನೋಡುವುದಕ್ಕೆ. ಕೈ ತೆಗೆದರೆ ದೀಪ ಆರುತ್ತದೆ.

"ಒಂದ್ಸಲ ಒತ್ತಿ ಕಾಣಿ ಅತ್ತಿಗೆ" ಎಂದ.

"ನೀನೇ ಒತ್ತ್" ಎಂದು ವನಜ ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲ ಜೋಡಣೆಯನ್ನೂ ಅವನೇ ಮಾಡಿದ. ಅವಳು ದೂರದ ಕಂಟ್ರೋಲರಿಗೆ ಹೋಗಿ ಗುಂಡಿ ಸರಿಸಿದಳು. ಮೂರು ವರ್ಷದ ಮೇಲೆ ಆ ಹಳದಿ ಬೆಳಕು ರಂಗದ ಮೇಲೆ ಬಿತ್ತು. ಗೋಮತಿ ಟೀಚರ್ ಹಿಂದಿನಿಂದ ನಡೆದು ಬಂದರು, ನಡುವೆ ಒಮ್ಮೆ ಮುಖ ಎತ್ತಿ ಎಡಕ್ಕೆ ಓರೆಯಾದರು, ಸರಿಯಾದ ಜಾಗದಲ್ಲಿ ನಿಂತರು. ಸುಜಯ್ ಕಣ್ಣೊರೆಸಿಕೊಂಡ.

ನಾಟಕ ಭಾನುವಾರ ಸಂಜೆ. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಯತೀಶನಿಗೆ ಬೈಂದೂರಿನಲ್ಲಿ ಮದುವೆಯ ಕೆಲಸ, ಬಂದಿರಲಿಲ್ಲ. ದೀಪಗಳು ಆರಿ ಜನ ಸುಮ್ಮನಾದರು. ವನಜ ನೀಲಿಯನ್ನು ಮೆಲ್ಲನೆ ಏರಿಸಿ ಹೊಳೆ ಮಾಡಿದಳು, ಆಮೇಲೆ ಎಡದ ಹಳೆಯ ದೀಪವನ್ನು. ಗೋಮತಿ ಟೀಚರ್ ಹುಟ್ಟು ಹಿಡಿದು ಬಂದರು. ಮೊದಲ ಮಾತಿಗೇ ಸಭೆ ಅವರ ಕೈಯಲ್ಲಿತ್ತು.

ಕೊನೆಗಿಂತ ಸ್ವಲ್ಪ ಮೊದಲು ಮುದುಕಿ ಹೊಳೆಯ ಅಂಚಿಗೆ ನಡೆದು ಬಂದು ಸೇತುವೆಯೊಂದಿಗೆ ಮಾತಾಡುವ ದೃಶ್ಯ. ರಂಗದ ಅಂಚೇ ಹೊಳೆಯ ದಡ. ಕೆಳಗೆ ಆಳೆತ್ತರದ ತಗ್ಗು.

"ಸಂಕ ಆಯ್ತಲ್ಲ. ಇನ್ನ್ ಈ ದಡದಿಂದ ನನ್ನ ಹೆಸ್ರ್ ಹಿಡ್ದ್ ಕೂಗುವವ್ರ್ ಯಾರಿದ್ರ್?" ಎಂದರು ಟೀಚರ್. ಇನ್ನೊಂದು ಮಾತು ಶುರುಮಾಡಿ, ಅರ್ಧದಲ್ಲಿ ನಿಲ್ಲಿಸಿದರು.

ಸಭೆಗೆ ಅದು ಮುದುಕಿಯ ಮೌನವಾಗಿ ಕಂಡಿತು. ಯಾರೂ ಅಲುಗಾಡಲಿಲ್ಲ. ವನಜ ತಲೆ ಎತ್ತಿದಳು. ನೀಲಿ ಹಾಗೆಯೇ ಇತ್ತು, ಹಿಂದಿನ ಪರದೆಯ ಕೆಂಪೂ ಹಾಗೆಯೇ. ಟೀಚರ್ ಕೆನ್ನೆಯ ಮೇಲಿನ ಹಳದಿ ಮಾತ್ರ ಇರಲಿಲ್ಲ. ಅವಳು ಹಳೆಯ ದೀಪದ ಗುಂಡಿ ನೋಡಿದಳು, ಮೇಲೆಯೇ ಇತ್ತು. ಕೆಳಗೆ ತಂದು ಮತ್ತೆ ಏರಿಸಿದಳು, ಏನೂ ಆಗಲಿಲ್ಲ. ನೀಲಿಯನ್ನು ಇಳಿಸಿದಳು. ನೀಲಿ ಇಳಿಯಲಿಲ್ಲ.

ಆಗ ಅವಳಿಗೆ ಅರ್ಥವಾಯಿತು. ತನ್ನ ಕೈಯಿಂದ ಹೊರಟ ಸಂಖ್ಯೆಗಳು ರಂಗಕ್ಕೆ ಮುಟ್ಟುತ್ತಿಲ್ಲ. ಎಲ್ಇಡಿಗಳು ಕಡೆಗೆ ಕೇಳಿಸಿಕೊಂಡದ್ದನ್ನೇ ಹಿಡಿದುಕೊಂಡು ಉರಿಯುತ್ತಿವೆ. ಡಿಮ್ಮರ್ ಪ್ಯಾಕ್ ಹಳೆಯ ದೀಪವನ್ನು ಆರಿಸಿಬಿಟ್ಟಿದೆ. ಅಷ್ಟು ಜನರಲ್ಲಿ ಅದು ಮೊದಲು ಗೊತ್ತಾದದ್ದು ಕಣ್ಣು ಕಾಣದ ಟೀಚರಿಗೆ.

ಸುಜಯ್ ಬಲಬದಿಯ ಪರದೆಯ ಹಿಂದಿದ್ದ, ಅವನಿಗೆ ಟೀಚರ್ ಬೆನ್ನು ಮಾತ್ರ ಕಾಣುತ್ತಿತ್ತು. ಟೀಚರ್ ಒಂದು ಪಾದವನ್ನು ಮುಂದಿಟ್ಟು ನೆಲ ತಡವಿದರು. ಮುಂದೆ ಇದ್ದದ್ದು ಇನ್ನೆರಡು ಹೆಜ್ಜೆಯ ಜಾಗ. ಬೇಡ, ನಿಲ್ಲಿ ಎಂದು ಕೂಗಲು ವನಜಳ ಬಾಯಿಗೆ ಬಂದಿತ್ತು. ಕೂಗಿದರೆ ಅವರು ಗಾಬರಿಯಿಂದ ಹೆಜ್ಜೆ ಇಟ್ಟುಬಿಟ್ಟರೆ? ಅವಳು ಎದ್ದು, ಬಗ್ಗಿಕೊಂಡು, ಗೋಡೆ ಬದಿಯಲ್ಲಿ ಕೇಬಲ್ ಹಿಡಿದೇ ಓಡಿದಳು. ಬಾಗಿಲ ಹತ್ತಿರ, ಎರಡು ಕೇಬಲ್ ಕೂಡುವಲ್ಲಿ, ಯಾರೋ ಎಳೆದ ಕುರ್ಚಿಯ ಕಾಲಿಗೆ ಸಿಕ್ಕಿ ಜೋಡಣೆ ಕಳಚಿತ್ತು. ಕೂಡಿಸಲು ನೋಡಿದಳು, ಒಳಗಿನ ಕಡ್ಡಿಗಳು ಬಾಗಿಹೋಗಿ ಕೂಡಲಿಲ್ಲ. ಬೇರೆ ಕೇಬಲ್ ಟೆಂಪೋದಲ್ಲಿತ್ತು. ಅವಳು ಅದನ್ನಲ್ಲೇ ಬಿಟ್ಟು ರಂಗದ ಎಡಬದಿಗೆ ಹೋದಳು.

ಪರದೆಯ ಹಿಂದೆ, ನೆಲದ ಮೇಲೆ, ಆ ಕಬ್ಬಿಣದ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಅವಳು ಮೊಣಕಾಲೂರಿ ಕೈ ಚಾಚಿದಳು. ಕೈ ಗಾಳಿಯಲ್ಲೇ ನಿಂತಿತು. ಬೆರಳುಗಳು ಬೆವರಿದ್ದವು. ಒದ್ದೆ ನೆಲದ ವಾಸನೆ ಎಲ್ಲಿಂದಲೋ ಮೂಗಿಗೆ ಬಂದಂತಾಯಿತು. ಅಲ್ಲಿ ಒಂದು ಹನಿ ನೀರಿರಲಿಲ್ಲ. ಬೆರಳನ್ನು ಸೀರೆಗೆ ಒತ್ತಿ ಒರೆಸಿಕೊಂಡಳು. ಪರದೆಯ ಸಂದಿಯಲ್ಲಿ ಟೀಚರ್ ಕಾಲು ಕಂಡಿತು. ಹಿಮ್ಮಡಿ ನೆಲದಿಂದ ಎದ್ದಿತ್ತು.

ಅವಳು ಗುಂಡಿ ಒತ್ತಿದಳು.

ದೀಪ ಹೊತ್ತಿತು. ಗೋಮತಿ ಟೀಚರ್ ಅಲ್ಲೇ ನಿಂತರು. ಮುಖ ಎಡಕ್ಕೆ, ಬಿಸಿಯ ಕಡೆಗೆ ವಾಲಿತು. ಎತ್ತಿದ ಹಿಮ್ಮಡಿ ಮೆಲ್ಲನೆ ನೆಲ ಸೇರಿತು. ನಿಂತ ಮಾತನ್ನು ನಿಂತಲ್ಲಿಂದಲೇ ಎತ್ತಿಕೊಂಡರು. ವನಜ ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ. ನಾಟಕದ ಕೊನೆಯ ಭಾಗವೆಲ್ಲ, ಕಂತಬೇಕಿದ್ದ ಸೂರ್ಯ ಕಂತದೆ, ಬದಲಾಗದ ಅದೇ ಬೆಳಕಿನಲ್ಲಿ ನಡೆಯಿತು. ಪೆಟ್ಟಿಗೆಯ ಸಣ್ಣ ಅದುರು ಅವಳ ಅಂಗೈಯಿಂದ ಮೊಣಕೈಯವರೆಗೆ ಬರುತ್ತಿತ್ತು. ಅವಳು ಅಳುತ್ತಿದ್ದಳು.

ಕೊನೆಯ ಮಾತಿನ ಮೇಲೆ ಕತ್ತಲಾಗಬೇಕು. ಸುಜಯ್ ಏನೋ ಎಡವಟ್ಟಾಗಿದೆ ಎಂದು ಅಷ್ಟರಲ್ಲಿ ಹಿಂದಿನಿಂದ ಸುತ್ತಿ ಬಂದಿದ್ದ. "ಮೇನ್ ಸ್ವಿಚ್ ತೆಗಿನಿ ಮಾಷ್ಟ್ರೇ" ಎಂದು ಪಿಸುಗುಟ್ಟಿದಳು. ಅವನು ತೆಗೆದ. ಎಲ್ಇಡಿಗಳು ಕಣ್ಣು ಮುಚ್ಚಿದಂತೆ ಒಮ್ಮೆಲೇ ಆರಿದವು. ಹಳೆಯ ದೀಪದೊಳಗಿನ ಎಳೆ ಮಾತ್ರ ಕೆಂಪಾಗಿ, ಇನ್ನೂ ಕೆಂಪಾಗಿ, ಟೀಚರ್ ಮುಖವನ್ನು ಒಂದು ಉಸಿರಿನಷ್ಟು ಹೊತ್ತು ಹಿಡಿದಿಟ್ಟು ಆಮೇಲೆ ಆರಿತು. ಕತ್ತಲೆಯಲ್ಲಿ ಚಪ್ಪಾಳೆ ಶುರುವಾಯಿತು.

ಮರುದಿನ ಬೆಳಿಗ್ಗೆ ಸುಜಯ್ ಕಾಲೇಜಿಗೆ ಹೋಗುವ ದಾರಿಯಲ್ಲಿ ಅತ್ತೆಯನ್ನು ಹೆಮ್ಮಾಡಿಯ ಮನೆಯಲ್ಲಿ ಇಳಿಸಿ ಹೋದ. ವನಜ ಜಗಲಿಯಲ್ಲಿ ಚಾಪೆ ಹಾಸಿದಳು. ಟೀಚರ್ ಬೆಲ್ಲ ನೀರು ಕುಡಿದು, ಲೋಟ ಕೆಳಗಿಟ್ಟು, ನೇರವಾಗಿಯೇ ಕೇಳಿದರು.

"ವನಜ, ಮೂರ್ ವರ್ಷದಿಂದ ಒಂದ್ ಮಾತ್ ಕೇಣ್ಕ್ ಅಂತಿದ್ದೆ. ಧೈರ್ಯ ಬರ್ಲಿಲ್ಲೆ. ಹಾಲಾಡಿಲಿ ಅವತ್ತ್ ಅಂವ ಬೋರ್ಡ್ ಮುಟ್ಟಿದ್ದ್ ನನ್ನ ದೀಪಕ್ಕಾ? ನನ್ನ ದೀಪ ಸರಿ ಮಾಡುಕ್ ಹೋಯಿ ಹಾಂಗಾಯ್ತಾ?"

ವನಜ ಅವರ ಮುಖ ನೋಡಿದಳು. ಅವರು ರಂಗ ಬಿಟ್ಟದ್ದು ಯಾಕೆಂದು ಆಗ ತಿಳಿಯಿತು.

"ಅಲ್ಲ ಟೀಚ್ರೇ" ಎಂದಳು. "ನಿಮ್ಮ ದೀಪ ಬೆಳಿಗ್ಗೆಯೇ ಕಟ್ಟಿ, ಉರ್ಸಿ ಕಂಡ್ ಆಯಿದ್ದಿತ್."

ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಅಂದು ನಡೆದದ್ದನ್ನೆಲ್ಲ ಹೇಳಿದಳು. ಮಳೆ ಬಂದಾಗ ಹುಡುಗರು, ಹೆಂಗಸರು, ಅಡುಗೆಯವರು ಎಲ್ಲರೂ ರಂಗದ ಚಪ್ಪರದೊಳಗೆ ನುಗ್ಗಿದ್ದು. ಬೋರ್ಡು ಅವರ ಕಾಲ ಬುಡದಲ್ಲೇ ಇದ್ದದ್ದು. ಹಲಗೆಯ ಸಂದಿಯಿಂದ ಕಿಡಿ ಹಾರಿದ್ದನ್ನು ಲೀಲಾಧರ ದೂರದಿಂದ ಕಂಡದ್ದು. "ಎಲ್ಲ ದೂರ ಹೋಯ್ನಿ ಅಂತ ಕೂಗ್ದ. ಮಳೆ ಸದ್ದಲ್ಲಿ ಯಾರಿಗೂ ಕೇಣ್ಲಿಲ್ಲ. ಸ್ವಿಚ್ ಬೋರ್ಡಲ್ಲೇ ಇದ್ದಿತ್. ಆರ್ಸುಕೆ ಅಂತ ಓಡಿದ. ನಾನ್ ಹಿಂದೆಯೇ ಓಡ್ದೆ, ಅಂವ ತಿರ್ಗಿ ನಂಗೆ ಬರ್ಬ್ಯಾಡ ಅಂತ ಕೈ ಮಾಡ್ದ. ಆ ಕೈ ಹಾಂಗೇ ಇದ್ದಿತ್, ಇನ್ನೊಂದ್ ಕೈಯಲ್ಲಿ ಸ್ವಿಚ್ ತೆಗ್ದ. ಆರ್ತ್ ಟೀಚ್ರೇ. ಅಂವ ಆರ್ಸಿಯೇ ಬಿದ್ದದ್ದ್. ಬೇರೆ ಯಾರಿಗೂ ಎಂತದೂ ಆಯ್ಲಿಲ್ಲ."

ಗೋಮತಿ ಟೀಚರ್ ಕೈ ಚಾಚಿ ತಡವಿ ವನಜಳ ಮೊಣಕಾಲನ್ನು ಮುಟ್ಟಿದರು. ಬಾಗಿಲ ಬಳಿ ಸದ್ದಾಯಿತು. ಕಾಲೇಜಿಗೆ ಹೊರಟ ಮೋಕ್ಷಿತಾ ಬ್ಯಾಗು ಹಿಡಿದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬಂದು ತಾಯಿಯ ಬೆನ್ನಿಗೆ ಮುಖ ಒತ್ತಿ ಕೂತಳು. "ನಂಗ್ ಯಾಕ್ ಹೇಳ್ಲಿಲ್ಲ ಅಮ್ಮ?" ಎಂದಳು. ವನಜ ಹಿಂದಕ್ಕೆ ಕೈ ಹಾಕಿ ಅವಳ ತಲೆ ಸವರಿದಳು.

ಬಿಸಿಲು ಏರುವ ಮೊದಲು ಟೀಚರ್ ಹೊರಟರು. ಇನ್ನು ನಾಟಕ ಮಾಡುವುದಿಲ್ಲವೆಂದೂ, ಶಾಲೆಯ ಮಕ್ಕಳಿಗೆ ಮಾತು ಹೇಳಿಕೊಡಲು ಕೋಟದಲ್ಲಿ ಕರೆದಿದ್ದಾರೆಂದೂ, ಅದಕ್ಕೆ ಕಣ್ಣು ಬೇಡವೆಂದೂ ಹೇಳಿದರು. ವನಜ ಜೊತೆಗೆ ಹೊರಡಲು ಎದ್ದಾಗ ಮೋಕ್ಷಿತಾ, "ನೀನ್ ಇರ್ ಅಮ್ಮ, ನಾನ್ ಸಾಲಿಗ್ರಾಮದ ತನಕ ಬಿಟ್ಟಿಕಿ ಬತ್ತೆ" ಎಂದು ಟೀಚರ್ ಕೈ ಹಿಡಿದುಕೊಂಡಳು. ಇಬ್ಬರೂ ಹೆದ್ದಾರಿ ದಾಟುವುದನ್ನು ವನಜ ಅಂಗಳದ ತುದಿಯಲ್ಲಿ ನಿಂತು ನೋಡಿದಳು. ಉಡುಪಿ ಕಡೆಯ ಬಸ್ಸು ಬಂತು. "ಹ್ವಾಯ್, ಅಜ್ಜಿಗೊಂದ್ ಸೀಟ್ ಬಿಡಿ" ಎಂದ ಕಂಡಕ್ಟರನ ಕೂಗು ಇಲ್ಲಿಯವರೆಗೆ ಕೇಳಿಸಿತು. ಬಸ್ಸು ಹೊರಟು ಕುಂದಾಪುರದ ತಿರುವಿನಲ್ಲಿ ಮರೆಯಾದ ಮೇಲೆ ಅವಳು ಒಳಗೆ ಹೋಗಿ ಗಂಜಿಗೆ ಅಕ್ಕಿ ತೊಳೆಯತೊಡಗಿದಳು.